ಕಪಾಟಿಲ್ಲದ ಗ್ರಂಥಾಲಯದಲ್ಲಿ ಹುಡುಕುವುದು ಹೇಗೆ?



ನಮ್ಮ ರಾಜ್ಯದ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನೋಡಿ. ಓದುವ ಸಭಾಂಗಣದಲ್ಲಿ ಕುರ್ಚಿ ಸಿಗುವುದು ಕಷ್ಟ. ಕೆಎಎಸ್, ಪಿಎಸ್‌ಐ, ಕೆ-ಸೆಟ್ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ಬಾಗಿಲು ತೆರೆಯುವ ಮೊದಲೇ ಬಂದು ಕಾದಿರುತ್ತಾರೆ. ಆ ಶ್ರದ್ಧೆಯನ್ನು ಕಂಡರೆ ಮನಸ್ಸು ತುಂಬುತ್ತದೆ. ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರುಗಳಿರುತ್ತವೆ. ಪ್ರಪಂಚದ ಸಾವಿರಾರು ವಿದ್ವತ್ ಪತ್ರಿಕೆಗಳು ಅವುಗಳ ಮೂಲಕ ಓದಲು ಸಿಗುತ್ತವೆ. ಆ ಕೋಣೆಯಲ್ಲಿ ಮಾತ್ರ ಜನ ಕಡಿಮೆ. ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿಯನ್ನು ನಿಲ್ಲಿಸಿ, 'ನಿಮಗೆ ಇಲ್ಲಿನ ಜರ್ನಲ್‌ಗಳನ್ನು ಮನೆಯಿಂದಲೇ ಓದುವ ಖಾತೆ ಇದೆಯೇ' ಎಂದು ಕೇಳಿದರೆ, ಅಂಥದ್ದೊಂದು ಇದೆ ಎನ್ನುವುದೇ ತಿಳಿದಿಲ್ಲ ಎಂಬ ಉತ್ತರ ಎಷ್ಟೋ ಸಲ ಬರುತ್ತದೆ. ಗ್ರಂಥಾಲಯದ ಕೆಲಸದಲ್ಲೇ ಬದುಕು ಕಳೆದ ನನಗೆ ಇದು ನೋವಿನ ಸಂಗತಿ. ಇಂದಿನ ಮಾತು ಅದರ ಕುರಿತೇ.

ಮೊದಲು ಹಣದ ಲೆಕ್ಕ ಹೇಳುತ್ತೇನೆ, ಏಕೆಂದರೆ ಅದು ನಮ್ಮೆಲ್ಲರ ಹಣ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್', ಅಂದರೆ ಇಡೀ ದೇಶಕ್ಕೆ ಒಂದೇ ಚಂದಾ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ವಿಶ್ವವಿದ್ಯಾಲಯಗಳು, ಕಾಲೇಜುಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು ಸೇರಿ 6,300ಕ್ಕೂ ಹೆಚ್ಚು ಸಂಸ್ಥೆಗಳ ಹತ್ತಿರ ಹತ್ತಿರ 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಇವನ್ನು ಓದಬಹುದು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಸಾವಿರದ ನೂರು ರೂಪಾಯಿಯಷ್ಟಾಗುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಓದುತ್ತಿರುವ ನಿಮ್ಮ ಮಗಳ ಹೆಸರಿನಲ್ಲಿ ಆ ಹಣ ಆಗಲೇ ಸಂದಾಯವಾಗಿದೆ. ಇದೇ ಪತ್ರಿಕೆಗಳ ಒಂದೇ ಒಂದು ಲೇಖನವನ್ನು ಹೊರಗಿನವರು ಕೊಳ್ಳಬೇಕಾದರೆ ಮೂವತ್ತು ನಲವತ್ತು ಡಾಲರ್ ತೆರಬೇಕಾದೀತು.

ಇದು ಒಂದೇ ದಿನದಲ್ಲಿ ಆದ ಕೆಲಸವೂ ಅಲ್ಲ. ಗುಜರಾತಿನಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ 1991ರಿಂದ ಭಾರತದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಮಾಡುತ್ತ ಬಂದಿದೆ. ಯುಜಿಸಿ-ಇನ್ಫೋನೆಟ್ ಮೂಲಕ ವಿಶ್ವವಿದ್ಯಾಲಯಗಳಿಗೆ ವಿದ್ಯುನ್ಮಾನ ಪತ್ರಿಕೆಗಳು ಬಂದವು. 2010ರಲ್ಲಿ ಕಾಲೇಜುಗಳಿಗಾಗಿ ಎನ್-ಲಿಸ್ಟ್ ಬಂತು. 2015ರ ಕೊನೆಗೆ ಇವೆಲ್ಲ ಇ-ಶೋಧಸಿಂಧು ಎಂಬ ಹೆಸರಿನಲ್ಲಿ ಒಂದಾದವು. ಈಗಿನ ಯೋಜನೆಯನ್ನು ನಡೆಸುತ್ತಿರುವುದೂ ಅದೇ ಕೇಂದ್ರ.

ಇದಕ್ಕೂ ಹಿಂದೆ ಏನಿತ್ತು ಎಂಬುದನ್ನು ಈಗಿನ ತರುಣರಿಗೆ ಒಂದಿಷ್ಟು ಹೇಳಬೇಕು. ಆಗ ಲೇಖನ ಬೇಕಾದವರು ಅದರ ಲೇಖಕರಿಗೆ ಅಚ್ಚು ಹಾಕಿಸಿದ ಕಾರ್ಡು ಬರೆಯುತ್ತಿದ್ದರು: 'ತಮ್ಮ ಇಂಥ ಲೇಖನದ ಒಂದು ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ.' ಕಾರ್ಡು ಹಡಗಿನಲ್ಲೋ ವಿಮಾನದಲ್ಲೋ ಹೋಗಿ, ಆ ಪ್ರಾಧ್ಯಾಪಕರು ಕನಿಕರಪಟ್ಟು ಲಕೋಟೆಗೆ ಹಾಕಿ, ಅದು ಧಾರವಾಡಕ್ಕೋ ಮೈಸೂರಿಗೋ ತಲುಪುವಷ್ಟರಲ್ಲಿ ತಿಂಗಳುಗಳು ಉರುಳುತ್ತಿದ್ದವು. ರಸಾಯನಶಾಸ್ತ್ರದವರು ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್‌ನ ದಪ್ಪ ಸಂಪುಟಗಳನ್ನು ಒಂದೊಂದಾಗಿ ಇಳಿಸಿ, ಸಣ್ಣ ಅಕ್ಷರದ ಸೂಚಿಯಲ್ಲಿ ಬೆರಳಿಟ್ಟು ಹುಡುಕುತ್ತಿದ್ದರು. ಒಂದು ಹಳೆಯ ಸಂಚಿಕೆಗಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ, ಪುಣೆಗೋ, ಮದ್ರಾಸಿಗೋ ಹೋಗಿಬಂದವರಿದ್ದಾರೆ. ಆ ತಲೆಮಾರಿನವರಿಗೆ ಹುಡುಕುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕಷ್ಟವೇ ಕಲಿಸಿತ್ತು. ಈಗ ದಾರಿ ಹತ್ತಿರವಾಗಿದೆ. ಹುಡುಕುವ ವಿದ್ಯೆಯನ್ನು ಮಾತ್ರ ಕೂತು ಕಲಿಯಬೇಕಾಗಿದೆ.

ಕಲಿಯುವುದು ಹೇಗೆ? ನಮ್ಮ ನೆಲದ ಒಂದು ಉದಾಹರಣೆ ಹಿಡಿದು ಹೋಗೋಣ.

ಸಾಗರದ ಕಡೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಮಂಗನ ಕಾಯಿಲೆಯ ಬಗ್ಗೆ ಪ್ರಬಂಧ ಬರೆಯಬೇಕು ಎಂದಿಟ್ಟುಕೊಳ್ಳಿ. ಅವಳ ಊರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಈ ಕಾಯಿಲೆಯ ಹೆದರಿಕೆ ಇದೆ, ಹಾಗಾಗಿ ವಿಷಯ ಅವಳಿಗೆ ಹತ್ತಿರದ್ದು. ಡೇಟಾಬೇಸ್ ತೆರೆದು ಇಂಗ್ಲಿಷಿನಲ್ಲಿ 'ಮಂಕಿ ಡಿಸೀಸ್' ಎಂದು ಹಾಕುತ್ತಾಳೆ. ಸಾವಿರಾರು ಫಲಿತಾಂಶಗಳು ಬರುತ್ತವೆ. ಪ್ರಯೋಗಾಲಯದ ಕೋತಿಗಳ ಮೇಲಿನ ಅಧ್ಯಯನ, ಮಂಕಿಪಾಕ್ಸ್, ಆಫ್ರಿಕದ ಕಪಿಗಳು, ಹೀಗೆ. ಅವಳ ಊರಿನ ಕಾಯಿಲೆ ಆ ರಾಶಿಯಲ್ಲಿ ಕಾಣುವುದೇ ಇಲ್ಲ. 'ಇದರಲ್ಲಿ ಏನೂ ಇಲ್ಲ ಮೇಡಂ' ಎಂದು ಎದ್ದು ಹೋಗುವವರು ಹೆಚ್ಚಾಗಿ ಈ ಹಂತದಲ್ಲೇ ಎದ್ದು ಹೋಗುತ್ತಾರೆ.

ಆ ಕಾಯಿಲೆಗೆ ವಿದ್ವತ್ ಲೋಕದಲ್ಲಿರುವ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಂಚಿನ ಹಳ್ಳಿಗಳ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ವೈರಸ್ಸನ್ನು ಬೇರ್ಪಡಿಸಿದರು. ಆ ಕೇಂದ್ರ ಈಗ ರಾಷ್ಟ್ರೀಯ ವೈರಾಣು ಸಂಸ್ಥೆ ಎನಿಸಿಕೊಂಡಿದೆ. ಉಣ್ಣೆ ಕಚ್ಚುವುದರಿಂದ ರೋಗ ಹರಡುತ್ತದೆ ಎಂಬುದು ಗೊತ್ತಾಯಿತು. ಇನ್ನು ಹುಡುಕಾಟಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್ ಎಂಬ ಡೇಟಾಬೇಸ್ 1997ರಿಂದ ಎಲ್ಲರಿಗೂ ಉಚಿತ. ಅದರಲ್ಲಿ ಮೆಶ್ ಎಂಬ ವಿಷಯಪದಗಳ ಕೋಶವಿದೆ. ಲೇಖನದ ಲೇಖಕರು ರೋಗವನ್ನು ಏನೆಂದೇ ಕರೆದಿರಲಿ, ಸೂಚಿ ಮಾಡುವಾಗ ಆ ಕೋಶದ ನಿಗದಿತ ಪದದಡಿಯಲ್ಲಿ ಅದನ್ನು ಸೇರಿಸಲಾಗುತ್ತದೆ. ಕ್ಯಾಸನೂರು ಅಲ್ಲಿ ಒಂದು ವಿಷಯಪದ. ಅದನ್ನು ಹಾಕಿದ ಕೂಡಲೇ ರಾಶಿ ಕರಗಿ, ಬೇಕಾದ ಲೇಖನಗಳು ಮಾತ್ರ ಉಳಿಯುತ್ತವೆ. ಹಲವು ಒಳ್ಳೆಯ ಡೇಟಾಬೇಸುಗಳಲ್ಲಿ ಇಂಥ ಪದಕೋಶ ಇರುತ್ತದೆ. ನಮ್ಮ ಪದದಿಂದ ಹೊರಟು ಅವರ ಪದವನ್ನು ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಉಳಿದ ಅರ್ಧ ಊರು ನಾಡುಗಳ ಹಳೆಯ ಹೆಸರುಗಳದ್ದು. ಈ ಕಾಯಿಲೆಯ ಬಗ್ಗೆ 1957ರ ಮೊದಲ ವರದಿಗಳಲ್ಲಿ ಒಂದನ್ನು ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಬರೆದರು. ಅದು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಬಂದಿತು. ಅದರ ಶೀರ್ಷಿಕೆಯಲ್ಲಿರುವುದು ಶಿವಮೊಗ್ಗ ಜಿಲ್ಲೆ, ಮೈಸೂರು ಎಂದು. ಕರ್ನಾಟಕ ಎಂಬ ಹೆಸರು ಅಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಗಾಗಿ 'ಕರ್ನಾಟಕ' ಎಂದಷ್ಟೇ ಹಾಕಿ ಹುಡುಕುವವರಿಗೆ 1973ಕ್ಕೂ ಹಿಂದಿನ ಬಹುಪಾಲು ವಿದ್ವತ್ತು ಕಾಣುವುದಿಲ್ಲ. ಮೈಸೂರು ಎಂದೂ ಹಾಕಬೇಕು. ಉತ್ತರ ಕನ್ನಡ, ಧಾರವಾಡ, ವಿಜಯಪುರಗಳ ಬಗ್ಗೆ 1956ಕ್ಕೂ ಹಿಂದಿನದು ಬೇಕಾದರೆ ಬಾಂಬೆ ಎಂದು ಹುಡುಕಬೇಕು. ಕಲಬುರಗಿ, ರಾಯಚೂರು, ಬೀದರ್ ಆದರೆ ಹೈದರಾಬಾದ್. ದಕ್ಷಿಣ ಕನ್ನಡ, 1953ಕ್ಕೂ ಹಿಂದಿನ ಬಳ್ಳಾರಿ ಆದರೆ ಮದ್ರಾಸ್. ಕೊಡಗಿಗೆ ಕೂರ್ಗ್. 2014ರಲ್ಲಿ ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಅದೂ ಹುಡುಕಾಟಕ್ಕೆ ತೊಡಕೇ. ಶಿವಮೊಗ್ಗದ ಜೊತೆ ಶಿಮೋಗ, ಬಳ್ಳಾರಿಯ ಜೊತೆ ಬೆಲ್ಲಾರಿ, ಕಲಬುರಗಿಯ ಜೊತೆ ಗುಲ್ಬರ್ಗ ಹೀಗೆ ಎರಡೆರಡು ಹೆಸರು ಕೊಡಬೇಕು. ಎರಡರ ನಡುವೆ ಇಂಗ್ಲಿಷಿನ 'ಆರ್' ಪದವನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಡೇಟಾಬೇಸ್ ಇದಾದರೂ ಸರಿ, ಅದಾದರೂ ಸರಿ ಎಂದು ತಿಳಿದುಕೊಳ್ಳುತ್ತದೆ. 'ಆಂಡ್' ಹಾಕಿದರೆ ಎರಡೂ ಇರಲೇಬೇಕು ಎಂದು ಅರ್ಥ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಆ ಪದಗಳು ಅದೇ ಅನುಕ್ರಮದಲ್ಲಿ ಒಟ್ಟಿಗೆ ಬಂದಿರುವ ಕಡೆ ಮಾತ್ರ ಹುಡುಕುತ್ತದೆ. ಈ ಮೂರು ತಿಳಿದರೆ ಸಾಕು, ಮುಂದಿನದನ್ನು ಕೆಲಸವೇ ಕಲಿಸುತ್ತದೆ.

ಮತ್ತೆ ನಮ್ಮ ವಿದ್ಯಾರ್ಥಿನಿಯ ಕಡೆಗೆ ಬರೋಣ. ಅವಳಿಗೆ 1969ರ ಒಂದು ಲೇಖನ ಸಿಗುತ್ತದೆ. ಕೊಲಂಬಿಯಾದ ವಿಜ್ಞಾನಿ ಬೋಶೆಲ್ ಅಮೆರಿಕದ ಉಷ್ಣವಲಯ ವೈದ್ಯಪತ್ರಿಕೆಯೊಂದರಲ್ಲಿ ಕ್ಯಾಸನೂರು ಕಾಯಿಲೆಯ ಪರಿಸರದ ಬಗ್ಗೆ ಬರೆದದ್ದು. ಕಾಡು ಕಡಿದು ಗದ್ದೆ ಮಾಡಿ, ದನಗಳು ಕಾಡಿನ ಅಂಚಿಗೆ ಮೇಯಲು ಹೋಗತೊಡಗಿದ ಮೇಲೆ ಉಣ್ಣೆಗಳು ಹೆಚ್ಚಿ ರೋಗ ಮನುಷ್ಯರಿಗೆ ತಗುಲುವಂತಾಯಿತು ಎಂಬ ವಿಚಾರ ಅದರಲ್ಲಿದೆ. ಇದನ್ನು ಓದುವಾಗ ಮಲೆನಾಡಿನ ಹುಡುಗಿಗೆ ತನ್ನ ಅಜ್ಜನ ಕಾಲದ ಊರು ಕಣ್ಣಮುಂದೆ ಬರುತ್ತದೆ. ಇಲ್ಲಿಂದ ಎರಡು ದಾರಿಗಳಿವೆ. ಲೇಖನದ ಕೊನೆಯ ಉಲ್ಲೇಖಗಳ ಪಟ್ಟಿ ಹಿಡಿದರೆ ಹಿಂದಕ್ಕೆ, 1957ರವರೆಗೆ ಹೋಗಬಹುದು. ಅದೇ ಲೇಖನದ ಕೆಳಗೆ 'ಸೈಟೆಡ್ ಬೈ' ಎಂಬುದನ್ನು ಒತ್ತಿದರೆ, 1969ರ ನಂತರ ಯಾರೆಲ್ಲ ಈ ಲೇಖನವನ್ನು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ತೆರೆಯುತ್ತದೆ. ಒಪ್ಪಿದವರು, ಪರೀಕ್ಷಿಸಿದವರು, ತಿದ್ದಿದವರು ಎಲ್ಲ ಅಲ್ಲಿರುತ್ತಾರೆ. ಕಾಯಿಲೆ ಶಿವಮೊಗ್ಗ ದಾಟಿ ಬಂಡೀಪುರ, ವಯನಾಡು, ಗೋವೆಗಳಲ್ಲಿ ಕಾಣಿಸಿಕೊಂಡ ಇತ್ತೀಚಿನ ವರದಿಗಳವರೆಗೂ ಈ ದಾರಿ ಕರೆದೊಯ್ಯುತ್ತದೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಸಾಕು, ಕೆರೆಯಿಂದ ಕೆರೆಗೆ ಕೋಡಿ ಹರಿದಂತೆ ಒಂದು ಇನ್ನೊಂದಕ್ಕೆ ನೀರುಣಿಸುತ್ತದೆ. ಮುದ್ರಿತ ಸಂಪುಟಗಳ ಕಾಲದಲ್ಲಿ ಹಿಂದಕ್ಕೆ ಹೋಗುವುದು ಸುಲಭವಿತ್ತು. ಮುಂದಕ್ಕೆ ಬರುವುದು ಎಷ್ಟು ಪ್ರಯಾಸದ್ದಾಗಿತ್ತು ಎಂಬುದು ಮಾಡಿದವರಿಗೇ ಗೊತ್ತು. ಡಿಜಿಟಲ್ ಡೇಟಾಬೇಸಿನ ಅತಿ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಸಮಾಜಶಾಸ್ತ್ರದಿಂದಲೂ ಒಂದು ಮಾತು. ಎಂ.ಎನ್. ಶ್ರೀನಿವಾಸ್ ಅವರು ಮೈಸೂರಿಗೆ ಸಮೀಪದ ಕೊಡಗಹಳ್ಳಿಯಲ್ಲಿ ಅಧ್ಯಯನ ಮಾಡಿದರು, ಅದನ್ನು 'ರಾಂಪುರ' ಎಂಬ ಕಲ್ಪಿತ ಹೆಸರಿನಿಂದ ಬರೆದರು. ಪ್ರಬಲ ಜಾತಿಯ ಕುರಿತ ಅವರ ಪ್ರಸಿದ್ಧ ಲೇಖನ 1959ರಲ್ಲಿ ಅಮೆರಿಕನ್ ಆಂತ್ರಪಾಲಜಿಸ್ಟ್ ಪತ್ರಿಕೆಯಲ್ಲಿ ಬಂತು. ಕೊಡಗಹಳ್ಳಿಯ ಹುಡುಗ ತನ್ನ ಊರಿನ ಹೆಸರು ಹಾಕಿ ಹುಡುಕಿದರೆ ಆ ಲೇಖನ ಸಿಗದು, ರಾಂಪುರ ಎಂದರೆ ಸಿಗುತ್ತದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ವಂಗಳ, ದಲೇನ ಎಂಬ ಹೆಸರುಗಳಿಂದ ಬರೆದದ್ದೂ ಹೀಗೆಯೇ. ನಾಲೆ ನೀರು ಬಂದ ಹಳ್ಳಿಯಲ್ಲೂ ಬಾರದ ಹಳ್ಳಿಯಲ್ಲೂ ಬದುಕು ಹೇಗೆ ಬೇರೆ ಬೇರೆ ದಿಕ್ಕು ಹಿಡಿಯಿತು ಎಂಬುದು ಅವರ ಅಧ್ಯಯನದ ತಿರುಳು. ಮಂಡ್ಯದ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಓದದೆ ಪದವಿ ಪಡೆಯಬಾರದು ಎಂದು ನನ್ನ ಅಭಿಪ್ರಾಯ. ಪತ್ರಿಕೆಗಳ ಹೆಸರೂ ಬದಲಾಗುತ್ತದೆ, ನೆನಪಿಡಿ. ಸಂಸ್ಕೃತೀಕರಣದ ಬಗ್ಗೆ ಶ್ರೀನಿವಾಸ್ ಬರೆದ 1956ರ ಟಿಪ್ಪಣಿ ಇರುವುದು ಫಾರ್ ಈಸ್ಟರ್ನ್ ಕ್ವಾರ್ಟರ್ಲಿಯಲ್ಲಿ. ಆ ಪತ್ರಿಕೆ ಅದೇ ವರ್ಷ ಜರ್ನಲ್ ಆಫ್ ಏಷ್ಯನ್ ಸ್ಟಡೀಸ್ ಆಯಿತು. ಇಂಥ ಹಳೆಯ ಸಂಚಿಕೆಗಳನ್ನು ಮೊದಲ ಸಂಪುಟದಿಂದ ಕಾಪಿಟ್ಟಿರುವ ದೊಡ್ಡ ಭಂಡಾರ ಜೆಸ್ಟೋರ್. 1995ರಲ್ಲಿ ಆರಂಭವಾದದ್ದು. ಅಲ್ಲಿ ಅನೇಕ ಪತ್ರಿಕೆಗಳ ಕಳೆದ ಕೆಲವು ವರ್ಷಗಳ ಸಂಚಿಕೆಗಳು ಇರುವುದಿಲ್ಲ. ಹೊಸದನ್ನು ಪ್ರಕಾಶಕರ ತಾಣದಲ್ಲೇ ನೋಡಬೇಕು.

ಕೃಷಿ ವಿದ್ಯಾರ್ಥಿಗಳೇ, ರಾಗಿಗೆ ಫಿಂಗರ್ ಮಿಲೆಟ್ ಎಂದೂ ಎಲ್ಯೂಸಿನ್ ಕೊರಕಾನ ಎಂದೂ ಹುಡುಕಿ. ಮೂರು ಹೆಸರನ್ನೂ ಹಾಕಿ ನೋಡಿ. ಅಡಿಕೆಯ ಕೊಳೆರೋಗಕ್ಕೆ ಮಾತ್ರ ನಮ್ಮ ಪದವೇ ನಡೆಯುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲೇ ಆ ಹೆಸರಿನಿಂದಲೇ ಅದರ ಬಗ್ಗೆ ಪ್ರಕಟಿಸಿದರು.

ಈಗ ಮನೆಯಿಂದ ಓದುವ ವಿಷಯ. ವಿಶ್ವವಿದ್ಯಾಲಯದ ಆವರಣದಲ್ಲಿ, ಅಲ್ಲಿನ ಇಂಟರ್‌ನೆಟ್ಟಿನಲ್ಲಿ ನೀವು ಪತ್ರಿಕೆ ತೆರೆದಾಗ ಪಾಸ್‌ವರ್ಡ್ ಕೇಳುವುದಿಲ್ಲ. ಆವರಣದ ಜಾಲಕ್ಕೆ ಒಂದು ವಿಳಾಸವಿರುತ್ತದೆ, ಪ್ರಕಾಶಕರ ಯಂತ್ರ ಅದನ್ನು ಗುರುತಿಸಿ ಒಳಗೆ ಬಿಡುತ್ತದೆ. ಹಾಸ್ಟೆಲಿನಿಂದಲೋ ಊರಿನಿಂದಲೋ ಮೊಬೈಲಿನಲ್ಲಿ ಅದೇ ಪುಟ ತೆರೆದರೆ ಹಣ ಕೇಳುತ್ತದೆ. ಹಣ ಕೇಳಿದ ಕೂಡಲೇ 'ಇದು ನಮಗೆ ಇಲ್ಲ' ಎಂದು ಮುಚ್ಚಬೇಡಿ. ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಎಂಬ ವ್ಯವಸ್ಥೆ ಇರುವುದೇ ಇದಕ್ಕಾಗಿ. ನಿಮ್ಮ ಗ್ರಂಥಾಲಯ ನಿಮ್ಮ ಹೆಸರಿನಲ್ಲಿ ಒಂದು ಖಾತೆ ತೆರೆದುಕೊಡುತ್ತದೆ. ಪ್ರಕಾಶಕರ ಪುಟದಲ್ಲಿ ಸಂಸ್ಥೆಯ ಮೂಲಕ ಪ್ರವೇಶ ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿ, ಇನ್‌ಫೆಡ್ ಆರಿಸಿ, ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಹುಡುಕಿ, ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಲೇಖನ ತೆರೆಯುತ್ತದೆ. ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಕೂತೂ ಓದಬಹುದು. ರಜೆಯಲ್ಲಿ ಊರಿಗೆ ಹೋಗುವ ಮೊದಲು ಈ ಖಾತೆ ಮಾಡಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಸಂಜೆ ಆರರ ಮೇಲೆ ಗ್ರಂಥಾಲಯದಲ್ಲಿ ಕೂರಲು ಎಲ್ಲ ಮನೆಗಳೂ ಒಪ್ಪುವುದಿಲ್ಲ.

ಚಂದಾದೊಳಗೆ ಇಲ್ಲದ ಲೇಖನ ಬೇಕಾದರೆ? ಅದಕ್ಕೂ ದಾರಿಗಳಿವೆ. ಲೇಖನಕ್ಕೆ ಡಿಒಐ ಎಂಬ ಗುರುತು ಸಂಖ್ಯೆ ಇರುತ್ತದೆ, ಹತ್ತು ಎಂಬ ಅಂಕಿಯಿಂದ ಶುರುವಾಗುವಂಥದ್ದು. ಅನ್‌ಪೇವಾಲ್ ಎಂಬ ಸೌಲಭ್ಯ ಆ ಸಂಖ್ಯೆ ಹಿಡಿದು, ಲೇಖಕರೇ ಎಲ್ಲಾದರೂ ಕಾನೂನುಬದ್ಧವಾಗಿ ಉಚಿತ ಪ್ರತಿ ಇಟ್ಟಿದ್ದಾರೆಯೇ ಎಂದು ನೋಡಿ ಹೇಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ಸಂಶೋಧಕರ ಲೇಖನಗಳಿಗಾಗಿ ಇಂಥ ಭಂಡಾರ ತೆರೆಯಿತು, ದೇಶದಲ್ಲಿ ಅದೇ ಮೊದಲನೆಯದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳನ್ನು, 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್ ಅನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಇಷ್ಟಾಗಿಯೂ ಸಿಗದಿದ್ದರೆ ಲೇಖಕರಿಗೆ ಮಿಂಚಂಚೆ ಬರೆಯಿರಿ. ಹಿಂದೆ ಕಾರ್ಡು ಬರೆಯುತ್ತಿದ್ದಂತೆಯೇ. ಹೆಚ್ಚಿನವರು ಸಂತೋಷದಿಂದ ಕಳುಹಿಸುತ್ತಾರೆ, ತಮ್ಮ ಬರಹವನ್ನು ದೂರದೂರಿನ ವಿದ್ಯಾರ್ಥಿ ಓದಬಯಸುತ್ತಾನೆ ಎಂದರೆ ಯಾವ ವಿದ್ವಾಂಸರಿಗೆ ಸಂತೋಷವಾಗುವುದಿಲ್ಲ? ಎಲ್ಲಕ್ಕಿಂತ ಮೊದಲು ಗ್ರಂಥಪಾಲಕರನ್ನು ಕೇಳಿ. ಇತರ ಗ್ರಂಥಾಲಯಗಳಿಂದ ಪ್ರತಿ ತರಿಸಿಕೊಡುವ ಏರ್ಪಾಡು ಅವರಿಗೆ ಗೊತ್ತಿರುತ್ತದೆ. ಅವರ ಹುದ್ದೆ ಇರುವುದು ಪುಸ್ತಕಕ್ಕೆ ಮುದ್ರೆ ಒತ್ತುವುದಕ್ಕೆ ಮಾತ್ರವಲ್ಲ. ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಓದುಗರ ಸಮಯ ಉಳಿಸುವುದನ್ನು ಗ್ರಂಥಾಲಯದ ಧರ್ಮಗಳಲ್ಲಿ ಒಂದೆಂದು 1931ರಲ್ಲಿಯೇ ಬರೆದಿಟ್ಟರು.

ಒಂದು ಎಚ್ಚರಿಕೆಯನ್ನು ಕಳಕಳಿಯಿಂದ ಹೇಳುತ್ತೇನೆ. ಸಿಕ್ಕಿತೆಂದು ಒಂದು ಪತ್ರಿಕೆಯ ಎಲ್ಲ ಸಂಪುಟಗಳನ್ನೂ ಒಂದೇ ರಾತ್ರಿಯಲ್ಲಿ ತಂತ್ರಾಂಶ ಹಚ್ಚಿ ಇಳಿಸಿಕೊಳ್ಳಬೇಡಿ. ಪ್ರಕಾಶಕರ ಯಂತ್ರ ಅದನ್ನು ಕಂಡ ಕೂಡಲೇ ಇಡೀ ವಿಶ್ವವಿದ್ಯಾಲಯದ ಪ್ರವೇಶವನ್ನು ತಡೆಯುತ್ತದೆ. ನಿಮ್ಮೊಬ್ಬರ ಆತುರಕ್ಕೆ ಪ್ರಬಂಧ ಸಲ್ಲಿಸುವ ವಾರದಲ್ಲಿರುವ ನಿಮ್ಮ ಗೆಳತಿಯ ಕೆಲಸ ನಿಂತುಹೋಗುತ್ತದೆ. ಪಾಸ್‌ವರ್ಡನ್ನು ಹಂಚಿಕೊಂಡರೂ ಆಗುವುದು ಇದೇ.

ಇನ್ನೊಂದು ಹೊಸ ತೊಂದರೆ. ವಿದ್ಯಾರ್ಥಿಗಳು ಈಗ ಚಾಟ್‌ಜಿಪಿಟಿಯಂಥ ಸಾಧನಗಳನ್ನು ಕೇಳಿ ಉಲ್ಲೇಖಗಳ ಪಟ್ಟಿ ತರುತ್ತಾರೆ. ಲೇಖಕರ ಹೆಸರು ಸರಿಯಿರುತ್ತದೆ, ಪತ್ರಿಕೆಯೂ ನಿಜವಾದದ್ದೇ, ಸಂಪುಟ ಪುಟ ಸಂಖ್ಯೆ ಎಲ್ಲ ಇರುತ್ತದೆ. ಆದರೆ ಅಂಥ ಲೇಖನ ಯಾರೂ ಬರೆದೇ ಇರುವುದಿಲ್ಲ. ಗ್ರಂಥಪಾಲಕರು ಇಲ್ಲದ ಲೇಖನಕ್ಕಾಗಿ ಗಂಟೆಗಟ್ಟಲೆ ಹುಡುಕುತ್ತಾರೆ. ಯಾವ ಉಲ್ಲೇಖ ಎಲ್ಲಿಂದ ಬಂದರೂ ಡಿಒಐ ಹಾಕಿ, ಅಥವಾ ಆ ಸಂಚಿಕೆಯ ಪರಿವಿಡಿ ತೆರೆದು, ಲೇಖನ ಇದೆಯೇ ಎಂದು ಕಣ್ಣಾರೆ ನೋಡಿ. ನೋಡಿದ ಮೇಲೆ ಓದಿ. ಓದದೇ ಇದ್ದದ್ದನ್ನು ಉಲ್ಲೇಖಿಸುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ಓದಿದ್ದನ್ನು ಗುರುತಿಟ್ಟುಕೊಳ್ಳಲು ಝೊಟೆರೊ ಎಂಬ ಉಚಿತ ತಂತ್ರಾಂಶವಿದೆ, ಮೊದಲ ಸೆಮಿಸ್ಟರಿನಲ್ಲೇ ಕಲಿಯಿರಿ.

ಕಣ್ಣು ಕಾಣದ ಅನೇಕರು ಈ ಮಾತನ್ನು ಕೇಳುತ್ತಿರಬಹುದು. ಡಿಜಿಟಲ್ ಪತ್ರಿಕೆಗಳು ಅವರಿಗೆ ತೆರೆದ ಲೋಕ ದೊಡ್ಡದು. ಲೇಖನ ಪಿಡಿಎಫ್ ಆಗಿಯೂ ವೆಬ್ ಪುಟವಾಗಿಯೂ ಸಿಗುವಾಗ ವೆಬ್ ಪುಟವನ್ನೇ ಆರಿಸಿಕೊಳ್ಳಿ. ಎನ್‌ವಿಡಿಎಯಂಥ ಉಚಿತ ತಂತ್ರಾಂಶಗಳು ಅದನ್ನು ತಲೆಬರಹದಿಂದ ತಲೆಬರಹಕ್ಕೆ ಸರಿಯಾಗಿ ಓದುತ್ತವೆ. ಹಳೆಯ ಸಂಚಿಕೆಗಳ ಪಿಡಿಎಫ್ ಹಲವು ಕಡೆ ಬರೀ ಪುಟದ ಚಿತ್ರ, ಅದು ಮೌನವಾಗಿರುತ್ತದೆ. ಆಗ ಗ್ರಂಥಾಲಯದವರು ಚಿತ್ರದ ಅಕ್ಷರವನ್ನು ಪಠ್ಯವಾಗಿಸಿ ಕೊಡಬೇಕು. ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಈಗ ನನ್ನ ಮನಸ್ಸಿನಲ್ಲಿ ಹೆಚ್ಚು ಭಾರವಾಗಿರುವ ವಿಷಯಕ್ಕೆ ಬರುತ್ತೇನೆ. ಹದಿಮೂರು ಸಾವಿರ ಪತ್ರಿಕೆಗಳು ಎಂದೆನಲ್ಲ, ಅವು ಬಹುತೇಕ ಇಂಗ್ಲಿಷಿನವು. ಕನ್ನಡದ ವಿದ್ವತ್ತು ಎಲ್ಲಿದೆ? ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಿಂದ ಬಂದಿದೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟು ಆಮೇಲೆ ಮೈಸೂರು ವಿಶ್ವವಿದ್ಯಾಲಯದ್ದಾದ ಪ್ರಬುದ್ಧ ಕರ್ನಾಟಕ, ಬೆಂಗಳೂರು ವಿಶ್ವವಿದ್ಯಾಲಯದ ಸಾಧನೆ, ಧಾರವಾಡದ ಕರ್ನಾಟಕ ಭಾರತಿ, ಇವುಗಳಲ್ಲಿ ನಮ್ಮ ಶಾಸನ, ಛಂದಸ್ಸು, ಜಾನಪದ, ಇತಿಹಾಸಗಳ ಬಗ್ಗೆ ಅಡಗಿರುವ ಸಂಪತ್ತು ಸಾಮಾನ್ಯವಲ್ಲ. ಒಂದು ಪದ ಹಾಕಿದರೆ ಇವೆಲ್ಲದರಲ್ಲೂ ಹುಡುಕಿ ಕೊಡುವ ಡೇಟಾಬೇಸ್ ನಮ್ಮಲ್ಲಿ ಇರಬೇಕಿತ್ತು. ಬೆಂಗಳೂರಿನ ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವಿಗೆ ಸೇರಿಸುತ್ತಿದ್ದಾರೆ, ಅವರಿಗೆ ನಾಡು ಋಣಿಯಾಗಿರಬೇಕು. ಆದರೆ ಇದು ಸ್ವಯಂಸೇವಕರ ಹೆಗಲಿಗಷ್ಟೇ ಬಿಡುವ ಕೆಲಸವಲ್ಲ. ವಿಶ್ವವಿದ್ಯಾಲಯಗಳು ತಮ್ಮದೇ ಪತ್ರಿಕೆಗಳ ಹಳೆಯ ಸಂಪುಟಗಳನ್ನು ತಾವೇ ತೆರೆದಿಡಬೇಕು.

ಶೋಧಗಂಗಾ ಭಂಡಾರದಲ್ಲಿ ಭಾರತದ ಪಿಎಚ್.ಡಿ. ಪ್ರಬಂಧಗಳು ಐದು ಲಕ್ಷ ದಾಟಿವೆ, ಕನ್ನಡದವೂ ಬೇಕಾದಷ್ಟಿವೆ. ಈ ಯೋಚನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಶೋಧಗಂಗಾ ಬರುವ ಎಷ್ಟೋ ವರ್ಷ ಮೊದಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಶಾಲಿನಿ ಅರಸ್ ಅವರು ವಿದ್ಯಾನಿಧಿ ಎಂಬ ಹೆಸರಿನಲ್ಲಿ ಪ್ರಬಂಧಗಳ ಡಿಜಿಟಲ್ ಭಂಡಾರ ಕಟ್ಟಿದರು. ಶೋಧಗಂಗಾದ ಕನ್ನಡ ಪ್ರಬಂಧಗಳಲ್ಲಿ ಒಂದು ತೊಡಕಿದೆ. ಹಲವು ಪ್ರಬಂಧಗಳನ್ನು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಲಾಗಿದೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಯೂನಿಕೋಡ್ ಇಲ್ಲ. ಹಾಗಾಗಿ ನೀವು 'ವಚನ' ಎಂದು ಹುಡುಕಿದರೆ, ಪುಟಪುಟದಲ್ಲೂ ವಚನದ ಚರ್ಚೆ ಇರುವ ಪ್ರಬಂಧ ಹುಡುಕಾಟಕ್ಕೆ ಸಿಗುವುದಿಲ್ಲ. ಐದಾರು ವರ್ಷ ಬೆವರು ಸುರಿಸಿ ಬರೆದ ಪ್ರಬಂಧ ಇದ್ದೂ ಇಲ್ಲದಂತೆ ಕೂತಿರುತ್ತದೆ. ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು: ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ, ಮಾರ್ಗದರ್ಶಕರ ಹೆಸರಿನಿಂದಲೂ ವಿಭಾಗದ ಹೆಸರಿನಿಂದಲೂ ಹುಡುಕಿ. ಈಗ ಪ್ರಬಂಧ ಬರೆಯುತ್ತಿರುವವರು ದಯವಿಟ್ಟು ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ಕಡತವಿದ್ದರೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮಾರ್ಗದರ್ಶಕರು ಇದನ್ನು ಕಡ್ಡಾಯ ಮಾಡಿದರೆ ಕನ್ನಡಕ್ಕೆ ದೊಡ್ಡ ಸೇವೆಯಾಗುತ್ತದೆ.

ಇಂಗ್ಲಿಷ್ ಲೇಖನ ಓದುವ ಧೈರ್ಯವಿಲ್ಲ ಎನ್ನುವ ಕನ್ನಡ ಮಾಧ್ಯಮದ ಮಕ್ಕಳಿಗೂ ಒಂದು ಮಾತು. ಇಡೀ ಲೇಖನವನ್ನು ಮೊದಲ ದಿನವೇ ಓದಬೇಡಿ. ಸಾರಾಂಶ ಓದಿ, ಕೊನೆಯ ಭಾಗ ಓದಿ, ನಡುವೆ ಕೋಷ್ಟಕ ನಕ್ಷೆಗಳಿದ್ದರೆ ನೋಡಿ. ನಿಮ್ಮ ಊರಿನ, ನಿಮ್ಮ ಬೆಳೆಯ, ನಿಮ್ಮ ಕಾಯಿಲೆಯ ವಿಷಯವಾದರೆ ಅರ್ಧ ಸಂಗತಿ ನಿಮಗೆ ಆಗಲೇ ಗೊತ್ತಿರುತ್ತದೆ. ಬರೆದವರಿಗಿಂತ ಹೆಚ್ಚೂ ಗೊತ್ತಿರಬಹುದು. ಒಂದೇ ವಿಷಯದ ಮೂರು ನಾಲ್ಕು ಲೇಖನ ಓದುವಷ್ಟರಲ್ಲಿ ಆ ವಿಷಯದ ಇಂಗ್ಲಿಷ್ ಪದಗಳು ಕೈಗೆ ಬಂದಿರುತ್ತವೆ.

ಆರಂಭದಲ್ಲಿ ಹೇಳಿದ ಒಂದೇ ಚಂದಾ ಯೋಜನೆಯ ಮೊದಲ ಹಂತದಲ್ಲಿ ಖಾಸಗಿ ಆಡಳಿತದ ಸಂಸ್ಥೆಗಳು ಸೇರಿಲ್ಲ. ನಮ್ಮ ಸಣ್ಣ ಊರುಗಳಲ್ಲಿ ಉನ್ನತ ಶಿಕ್ಷಣದ ಭಾರ ಹೊತ್ತಿರುವುದು ಇಂಥ ಕಾಲೇಜುಗಳೇ. ಅಲ್ಲಿನ ಮಕ್ಕಳ ತಂದೆತಾಯಿಯರೂ ತೆರಿಗೆ ಕಟ್ಟುತ್ತಾರೆ. ಮುಂದಿನ ಹಂತದಲ್ಲಿ ಅವರನ್ನು ಬಿಡಬಾರದು ಎಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಿ ಓದಬಹುದೇ ಎಂದು ವಿಚಾರಿಸಿ. ಗ್ರಂಥಾಲಯದೊಳಗೆ ಬಂದು ಕೂತು ಓದುವ ಹೊರಗಿನವರಿಗೂ ಅವಕಾಶ ಕೊಡುವ ಒಪ್ಪಂದಗಳು ಬಹಳ ಇವೆ. ಇದು ರೈತರಿಗೂ, ಪತ್ರಕರ್ತರಿಗೂ, ಹೈಸ್ಕೂಲು ಮೇಷ್ಟರಿಗೂ ಅನ್ವಯಿಸುತ್ತದೆ.

ಅಧ್ಯಾಪಕರಲ್ಲಿ ನನ್ನ ಬಿನ್ನಹ: ಸೆಮಿಸ್ಟರಿನ ಮೊದಲ ವಾರದಲ್ಲಿ ಒಂದು ತರಗತಿಯನ್ನು ಗ್ರಂಥಾಲಯದ ಆ ಖಾಲಿ ಕೋಣೆಯಲ್ಲಿ ನಡೆಸಿ. ನಿಮ್ಮ ವಿಷಯದ ಒಂದು ಲೇಖನವನ್ನು ಮಕ್ಕಳ ಎದುರೇ ಹುಡುಕಿ ತೋರಿಸಿ. ವಿದ್ಯಾರ್ಥಿಗಳೇ, ನೀವು ಅದಕ್ಕಾಗಿ ಕಾಯಬೇಡಿ. ನಾಳೆ ಗುರುತಿನ ಚೀಟಿ ಹಿಡಿದು ಗ್ರಂಥಪಾಲಕರ ಬಳಿ ಹೋಗಿ, ಇನ್‌ಫೆಡ್ ಖಾತೆ ಮಾಡಿಸಿಕೊಳ್ಳಿ, ಎದುರಿಗೇ ಒಂದು ಲೇಖನ ತೆರೆದು ನೋಡಿ. ತೆರೆಯದಿದ್ದರೆ ಅಲ್ಲಿಂದ ಏಳಬೇಡಿ, ಸರಿಮಾಡಿಸಿಕೊಂಡೇ ಬನ್ನಿ.